ಮಗು ಮಲಗಿಸಲು ಬಂದ ಮಿಲ್ಲಿನವರು

ಇಂಚರ, ಸುಹಾಸ, ಇಬ್ಬರೂ ಕೇಳಿ. ಒಂದು ಮಗುವನ್ನು ಮಲಗಿಸುವುದಕ್ಕೆಂದು ನಂಜನಗೂಡಿನ ಒಂದಿಡೀ ಬೀದಿಯನ್ನು ಎಬ್ಬಿಸಿ ಕೂರಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ನಿಮ್ಮ ತಾತ. ಆ ಮಗು ಇಂಚರ, ನೀನೇ.

ಮೊನ್ನೆ ಸುಹಾಸ ಗೋಡೆಯ ಮೇಲಿನ ಫೋಟೋ ನೋಡಿ "ತಾತ ತುಂಬಾ ಸ್ಟ್ರಿಕ್ಟಾ ಅಜ್ಜಿ?" ಎಂದು ಕೇಳಿದ. ತಪ್ಪು ಅವನದಲ್ಲ. ಫೋಟೋ ತೆಗೆಯುವವನು "ಅಲ್ಲಾಡಬೇಡಿ" ಎಂದಿದ್ದಕ್ಕೆ ನಿಮ್ಮ ತಾತ ಉಸಿರನ್ನೂ ಹಿಡಿದುಬಿಟ್ಟಿದ್ದರು. ಉಸಿರು ಕಟ್ಟಿದ ಆ ಮುಖವನ್ನೇ ನೀವು ತಾತನ ಮುಖ ಎಂದುಕೊಂಡಿದ್ದೀರಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳು ಎಂದರೆ ನನ್ನಿಂದಾಗದು. ನಾಲ್ಕು ಜನ ನನ್ನ ಕಡೆ ತಿರುಗಿದರೆ ನನಗೆ ನನ್ನ ಹೆಸರೇ ಮರೆತುಹೋಗುತ್ತದೆ. ಕಾಗದವೇ ವಾಸಿ, ಅದು ಮುಖ ನೋಡುವುದಿಲ್ಲ. ಹಳ್ಳಿಯ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ನನ್ನದು. ತಪ್ಪು ಕಂಡರೆ ನಿಮ್ಮ ಅಮ್ಮನ ಹಾಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಬೇಡಿ.

ನಿಮ್ಮ ತಾತ ಟಿ. ನರಸೀಪುರದ ಹತ್ತಿರ ಹೆಮ್ಮಿಗೆಯಲ್ಲಿ ಅಕ್ಕಿ ಮಿಲ್ಲು ನೋಡಿಕೊಳ್ಳುತ್ತಿದ್ದರು. ಮಿಲ್ಲು ಸಾಹುಕಾರರದು. ಆದರೆ ಅದರ ಮಿಷನ್ನಿನ ಜೊತೆ ಸಂಸಾರ ಮಾಡಿದವರು ಇವರು. ನನ್ನ ಜೊತೆಗಿಂತ ಅದರ ಜೊತೆಗೆ ಕಳೆದ ಹೊತ್ತೇ ಹೆಚ್ಚು. ಮಿಷನ್ನು ಓಡುವಾಗ ಕಿವಿಯ ಹತ್ತಿರ ನಿಂತು ಕೂಗಿದರೂ ಕೇಳಿಸುತ್ತಿರಲಿಲ್ಲ. ಅಂಥ ಗದ್ದಲದಲ್ಲಿ ತವುಡಿನ ಮೂಟೆಗೆ ತಲೆ ಕೊಟ್ಟು ಇವರು ಸುಖವಾಗಿ ನಿದ್ದೆ ಮಾಡುತ್ತಿದ್ದರು. ಕರೆಂಟು ಹೋಗಿ ಮಿಷನ್ನು ನಿಂತಿತೋ, ಬೆಚ್ಚಿಬಿದ್ದು ಎದ್ದು "ಯಾರ್ಲಾ ಅದು?" ಎನ್ನುತ್ತಿದ್ದರು.

ಹೀಗೆ ಅಭ್ಯಾಸವಾದ ಮನುಷ್ಯನಿಗೆ ಮನೆಯ ನಿಶ್ಶಬ್ದದಲ್ಲಿ ನಿದ್ದೆ ಬರುವುದೆಲ್ಲಿಂದ? "ಏನಾರ ಮಾತಾಡ್ತಿರು ಕಣಮ್ಮಿ, ನಿದ್ದೆ ಬತ್ತದೆ" ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಊರಿಗೆಲ್ಲ ಬಾಯಿಲ್ಲದವಳು ನಾನು, ಕಷ್ಟಪಟ್ಟು ಒಂದು ಮಾತು ಹುಡುಕಿ, ಅದಕ್ಕೆ ಇನ್ನೊಂದನ್ನು ಜೋಡಿಸಿ, ಮುಖ್ಯವಾದ ಜಾಗಕ್ಕೆ ಬರುವಷ್ಟರಲ್ಲಿ ಗೊರಕೆ ಶುರುವಾಗಿರುತ್ತಿತ್ತು. ನನ್ನ ಜೀವನದ ಮುಖ್ಯವಾದ ಮಾತುಗಳನ್ನೆಲ್ಲ ಕೇಳಿಸಿಕೊಂಡದ್ದು ಆ ಗೊರಕೆಯೊಂದೇ.

ಇನ್ನು ನಿನ್ನ ವಿಷಯ, ಇಂಚರ. ಇಂಚರ ಎಂದರೆ ಹಕ್ಕಿಯ ಇಂಪಾದ ದನಿಯಂತೆ. ನಿಮ್ಮಪ್ಪ ಈ ಹೆಸರನ್ನು ನೀನು ಹುಟ್ಟುವ ಮೊದಲೇ ಆರಿಸಿಟ್ಟಿದ್ದರು. ದನಿ ಕೇಳಿದ ಮೇಲೆ ಇಡುವ ಧೈರ್ಯ ಅವರಿಗೂ ಬರುತ್ತಿರಲಿಲ್ಲ. ಹಗಲೆಲ್ಲ ಬೆಕ್ಕಿನ ಮರಿಯ ಹಾಗೆ ಮುದುಡಿಕೊಂಡು ಮಲಗುವವಳು ನೀನು, ರಾತ್ರಿ ಊಟವಾಗಿ ಪಾತ್ರೆ ತೊಳೆದಿಟ್ಟರೆ ನಿನಗೆ ಬೆಳಗಾಗುತ್ತಿತ್ತು.

ಹೆಮ್ಮಿಗೆಯಲ್ಲಿ ಬಾಣಂತನ ಮುಗಿಸಿ ನಿಮ್ಮಮ್ಮ ನಂಜನಗೂಡಿನ ಬಾಡಿಗೆ ಮಹಡಿ ಮನೆಗೆ ವಾಪಸಾದಳು. ನಿಮ್ಮಪ್ಪನಿಗೆ ಕಾರ್ಖಾನೆಯ ಪಾಳಿ, ನಿಮ್ಮಮ್ಮನಿಗೆ ರಜೆ ಮುಗಿದು ಹೈಸ್ಕೂಲಿನ ಪಾಠ. ಮಗು ನೋಡಿಕೊಳ್ಳಲು ನಾನು ಬಂದೆ. ನನ್ನನ್ನು ಬಿಟ್ಟು ನಾಲ್ಕು ದಿನದಲ್ಲಿ ಹೊರಡಬೇಕು ಎಂದು ಬಂದವರು ನಿಮ್ಮ ತಾತ.

ಆ ಮನೆಯಲ್ಲಿ ಆಗ ನಡೆಯುತ್ತಿದ್ದದ್ದು ಮೊಬೈಲಿನ ಆಡಳಿತ. ಮಗು ಮಲಗಿಸುವುದು ಹೇಗೆಂದು ಯಾರೋ ಒಬ್ಬಾಕೆ ಅದರಲ್ಲಿ ಹೇಳಿಕೊಡುತ್ತಿದ್ದಳು. ಒಂದೇ ಹೊತ್ತಿಗೆ ಸ್ನಾನ, ಮಂದ ಬೆಳಕು, ಮನೆಯಲ್ಲಿ ಪೂರಾ ನಿಶ್ಶಬ್ದ. ಮಗು ಅತ್ತರೂ ಸ್ವಲ್ಪ ಹೊತ್ತು ಎತ್ತಬಾರದು, ತಾನೇ ಮಲಗಲು ಕಲಿಯಬೇಕು. ನಿಮ್ಮಪ್ಪ ಅಮ್ಮ ನಿನ್ನನ್ನು ಕೋಣೆಯಲ್ಲಿ ಮಲಗಿಸಿ, ಬಾಗಿಲಿನ ಆಚೆ ಒಬ್ಬರ ಕೈ ಒಬ್ಬರು ಹಿಡಿದು ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದರು. ಒಳಗೆ ನೀನು ಅಳುತ್ತಿದ್ದೆ. ಹೊರಗೆ ನಿಮ್ಮಮ್ಮ ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡಲು ಹೋಗಿ ನಿಮ್ಮಪ್ಪನೂ ಕಣ್ಣೊರೆಸಿಕೊಳ್ಳುತ್ತಿದ್ದರು. ಮೂವರಲ್ಲಿ ಯಾರನ್ನು ಮೊದಲು ಎತ್ತಿಕೊಳ್ಳಬೇಕು ಎಂದು ನನಗೆ ತಿಳಿಯುತ್ತಿರಲಿಲ್ಲ.

ನಿಶ್ಶಬ್ದವೆಂದರೆ ಎಂಥ ನಿಶ್ಶಬ್ದ! ಕಾಲಿಂಗ್ ಬೆಲ್ಲಿನ ವೈರು ಕಿತ್ತಿದ್ದರು. ಕುಕ್ಕರು ಕೂಗುತ್ತದೆಂದು ಅನ್ನವನ್ನು ಪಾತ್ರೆಯಲ್ಲಿ ಬಸಿಯುತ್ತಿದ್ದೆವು. ಉಪ್ಪು ಬೇಕು, ಸಾರು ಬೇಕು ಎಂದು ಕೈಸನ್ನೆಯಲ್ಲೇ ಕೇಳಬೇಕು. ನನಗೇನೋ ಈ ವ್ಯವಸ್ಥೆ ಚೆನ್ನಾಗಿಯೇ ಒಗ್ಗಿತು, ಮಾತಾಡು ಎಂದು ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಕಷ್ಟವಾದದ್ದು ನಿಮ್ಮ ತಾತನಿಗೆ. ಅವರ ಸೀನು ಅಂತಿಂಥ ಸೀನಲ್ಲ, ಹೆಮ್ಮಿಗೆಯಲ್ಲಿ ಸೀನಿದರೆ ಹಟ್ಟಿಯಲ್ಲಿ ದನ ಎದ್ದು ನಿಲ್ಲುತ್ತಿದ್ದವು. ಸೀನು ಬರುವ ಸೂಚನೆ ಕಂಡೊಡನೆ, ಅರವತ್ತು ದಾಟಿದ ಆ ಮನುಷ್ಯ ಮೂಗು ಹಿಡಿದುಕೊಂಡು ಟೆರೇಸಿನ ಮೆಟ್ಟಿಲು ಹತ್ತಿ ಓಡುತ್ತಿದ್ದರು.

ನಾಲ್ಕನೆಯ ದಿನ, ಮಾರನೆಯ ಬೆಳಿಗ್ಗೆ ಹೊರಡಲೆಂದು ಅವರು ಚೀಲವನ್ನೂ ಕಟ್ಟಿದ್ದರು. ಆ ಸಂಜೆ ನಿಮ್ಮಮ್ಮ ಸ್ಕೂಲಿನಿಂದ ಬಂದವಳು ಒಳಗೆ ಬರಲೇ ಇಲ್ಲ. ಚಪ್ಪಲಿ ಬಿಡುವ ಜಾಗದಲ್ಲೇ ಕುಸಿದು ಕೂತಳು.

"ಪರೀಕ್ಷೆ ರೂಮಲ್ಲಿ ನಿದ್ದೆ ಮಾಡ್ಬಿಟ್ಟೆ ಕಣ್ರೀ" ಎಂದು ನಿಮ್ಮಪ್ಪನಿಗೆ ಹೇಳಿದಳು. "ಕುರ್ಚಿ ಮೇಲೇ. ಮಕ್ಕಳೇ ಬಂದು ಎಬ್ಬಿಸಿದ್ರು. ಇನ್ನೊಂದ್ಸಲ ಹೀಗಾದ್ರೆ ಬೇರೆ ಟೀಚರ್ ನೋಡ್ಕೋತೀವಿ ಅಂದ್ರು ಹೆಡ್‌ಮಾಸ್ಟ್ರು."

"ಸರಿ ಹೋಗುತ್ತೆ ಬಿಡು" ಎಂದರು ನಿಮ್ಮಪ್ಪ.

"ಎಲ್ಲಿ ಸರಿ ಹೋಗುತ್ತೆ? ಈ ವಾರ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕೆಲಸ ಬಿಟ್ಬಿಡ್ತೀನಿ."

ನಿಮ್ಮ ತಾತ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಮಗಳ ಕೆಲಸದ ಬಗ್ಗೆ ಅವರಿಗಿದ್ದ ಹೆಮ್ಮೆ ನಿಮಗೆ ಗೊತ್ತಿಲ್ಲ. ಭತ್ತ ತಂದವರಿಗೆಲ್ಲ "ನನ್ ಮಗ್ಳು ಐಸ್ಕೂಲ್ ಟೀಚರು" ಎಂದು ಹೇಳುತ್ತಿದ್ದರು. ಹೇಳುತ್ತಿದ್ದದ್ದು ಮಿಷನ್ನು ಓಡುವಾಗ, ಆದ್ದರಿಂದ ಯಾರಿಗೂ ಕೇಳಿಸುತ್ತಿರಲಿಲ್ಲ. ಅವಳ ಎದುರಿಗಂತೂ ಒಂದು ದಿನವೂ ಹೇಳಿದವರಲ್ಲ. ಆ ಸಂಜೆ ಚೀಲದಿಂದ ಪಂಚೆಯನ್ನು ತೆಗೆದು ಮತ್ತೆ ಗೂಟಕ್ಕೆ ಹಾಕಿದರು.

"ನೀವು ಸದ್ದು ನಿಲ್ಸಿ ಮೊಗೀಗೆ ಎದ್ರಸ್ತಾ ಇದ್ದೀರಿ ಅಳೀಮಯ್ಯ" ಎಂದರು ನಿಮ್ಮಪ್ಪನಿಗೆ. "ಒಟ್ಟೆ ಒಳ್ಗಿದ್ದಾಗ ಅದು ಸದ್ದೇ ತಾನೆ ಕೇಳ್ತಿದ್ದುದು? ಈಗ ಒಂದೇ ಸಲ ನಿಲ್ಸುದ್ರೆ ಎದ್ರುಕೊಳ್ದೆ ಏನ್ಮಾಡದು?"

"ಅಲ್ಲ ಮಾವ, ಮೊಬೈಲಲ್ಲಿ ಹೇಳಿರೋದು..."

"ಮೊಬೈಲ್ಗೆ ಎಷ್ಟು ಮಕ್ಳು?"

ಅಲ್ಲಿಂದ ಆಡಳಿತ ಬದಲಾಯಿತು.

ಮೊದಲ ಪ್ರಯೋಗ ಮಿಕ್ಸಿಯದು. ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಗೆ ಬಂದು "ಆಕು" ಎಂದರು. ನಾನು ಕಾಯಿ ಹಾಕಿ ತಿರುಗಿಸಿದೆ. ಏನಾಶ್ಚರ್ಯ, ನಿನ್ನ ಅಳು ನಿಂತಿತು, ಕಣ್ಣು ಮುಚ್ಚಿತು. ನಿಮ್ಮಪ್ಪ ಅಮ್ಮ ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತರು. ನಾನು ಮಿಕ್ಸಿ ನಿಲ್ಲಿಸಿದೆ, ನೀನು ಎದ್ದೆ. ಮತ್ತೆ ಹಾಕಿದೆ, ನೀನು ಮಲಗಿದೆ. "ನಿಲ್ಲಿಸ್ಬ್ಯಾಡ ಕಣಮ್ಮಿ, ಆಕ್ತಾ ಇರು" ಎಂದರು. ಹಾಕುವುದಕ್ಕೆ ಏನಾದರೂ ಬೇಡವೇ? ಚಟ್ನಿಯಾಯಿತು, ಚಟ್ನಿಪುಡಿಯಾಯಿತು, ಮೆಣಸು, ಧನಿಯ, ಕೊನೆಗೆ ಡಬ್ಬದಲ್ಲಿದ್ದ ಸಕ್ಕರೆಯೂ ಪುಡಿಯಾಯಿತು. ಆಮೇಲೆ ಮಿಕ್ಸಿಯಿಂದ ಸುಟ್ಟ ವಾಸನೆ ಬಂದು ಅದೇ ನಿದ್ದೆ ಹೋಯಿತು, ನೀನು ಎದ್ದು ಕೂಗಿದೆ. ಕೆಳಗಿನ ಮನೆಯ ಓನರಮ್ಮ ಮೆಟ್ಟಿಲು ಹತ್ತಿ ಬಂದು, "ಏನ್ರಮ್ಮ, ಮದ್ವೇನಾ? ನಮ್ಗೆ ಕರೀಲೇ ಇಲ್ಲ" ಎಂದರು. ಸಕ್ಕರೆಯನ್ನು ಮೆಣಸಿನ ಜಾರಿನಲ್ಲೇ ಹಾಕಿದ್ದೆ. ಅದು ಮುಗಿಯುವ ತನಕ ನಮ್ಮ ಮನೆಯ ಕಾಫಿ ಕುಡಿದವರೆಲ್ಲ ಕೆಮ್ಮಿದರು.

ಅದಾದ ಮೇಲೆ ಬಂದದ್ದು ಬಸ್ಸು.

ಶನಿವಾರ ನಿಮ್ಮಮ್ಮ ಸ್ಕೂಲಿಗೆ, ನಿಮ್ಮಪ್ಪ ಕಾರ್ಖಾನೆಗೆ ಹೋದ ಮೇಲೆ ತಾತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿದರು. "ಬಸ್ಸಿನ್ ಇಂಜಿನ್ನು ನಮ್ ಮಿಲ್ ಮಿಷನ್ ಥರಾನೆ ಕಣಮ್ಮಿ. ಚಕ್ರ ಬೇರೆ ಅದೆ. ನರಸೀಪುರದ ಗಂಟ ಓಗಿ ಬಂದ್ಬುಡನ."

"ಅವಳಿಗೊಂದು ಮಾತು ಹೇಳಿ" ಎಂದೆ.

"ಅವ್ಳು ಬರೋ ಒತ್ಗೆ ನಾವು ಇಲ್ಲೇ ಇರ್ತೀವಿ."

ಫ್ಲಾಸ್ಕು, ಹಾಲಿನ ಬಾಟಲಿ, ಬಟ್ಟೆಯ ಚೀಲ ಹಿಡಿದು ನಾನು ಹಿಂದೆ ಹೊರಟೆ. ಬಸ್ಸು ಹತ್ತಿದವರು ಮುಂದಿನ ಖಾಲಿ ಸೀಟುಗಳನ್ನೆಲ್ಲ ಬಿಟ್ಟು ನೇರವಾಗಿ ಹಿಂದಿನ ಚಕ್ರದ ಮೇಲಿನ ಸೀಟಿಗೆ ಹೋಗಿ ಕೂತರು.

ಕಂಡಕ್ಟರು ಬಂದು, "ಯಜಮಾನ್ರೇ, ಮುಂದ್ಗಡೆ ಕೂತ್ಕೊಳ್ಳಿ, ಇಲ್ಲಿ ಎತ್ತಾಕ್ತದೆ" ಎಂದ.

"ಎತ್ತಾಕ್ಲಿ ಅಂತ್ಲೇ ಕುಂತಿವ್ನಿ" ಎಂದರು ತಾತ.

ಬಸ್ಸು ನಂಜನಗೂಡು ದಾಟುವಷ್ಟರಲ್ಲಿ ನೀನು ಮಲಗಿಬಿಟ್ಟೆ. ನನ್ನ ಸೊಂಟದ ಮೂಳೆಗಳೆಲ್ಲ ಕಳಚಿ ಫ್ಲಾಸ್ಕಿನ ಜೊತೆ ಕುಣಿಯುತ್ತಿದ್ದವು, ನೀನು ಮಾತ್ರ ತೊಟ್ಟಿಲಲ್ಲಿರುವಂತೆ ತುಟಿ ಚಪ್ಪರಿಸುತ್ತಿದ್ದೆ. ನರಸೀಪುರ ಬಂತು, ಡ್ರೈವರು ಇಂಜಿನ್ನು ನಿಲ್ಲಿಸಿದ. ನಿನ್ನ ಹುಬ್ಬು ಗಂಟಾಯಿತು. ತಾತ ಗಾಬರಿಯಿಂದ ಎದ್ದು, ಇಳಿದು, ಗುರುಗುಟ್ಟುತ್ತಾ ನಿಂತಿದ್ದ ಪಕ್ಕದ ಬಸ್ಸನ್ನು ಹತ್ತಿದರು.

"ಇದು ತಲಕಾಡಿಗೆ ಹೋಗೋದು ಕಣ್ರೀ" ಎಂದೆ.

"ಇಂಜಿನ್ ಓಡ್ತಾ ಅದಲ್ಲ, ಬಾ."

ತಲಕಾಡಿನಲ್ಲಿ ಬಸ್ಸಿನಲ್ಲಿದ್ದವರೆಲ್ಲ ಇಳಿದು ದೇವಸ್ಥಾನದ ಕಡೆ ಹೋದರು. ನಾವು ಇಳಿಯಲಿಲ್ಲ. ಡ್ರೈವರು ತಿರುಗಿ ನೋಡಿ, "ಯಾಕೆ ಸಾ, ದೇವ್ರಿಗೆ ಓಗಲ್ವಾ?" ಎಂದ.

"ದೇವ್ರು ಇಲ್ಲೇ ಮಲೀಕೊಂಡದೆ ಕಣಪ್ಪ. ಇಂಜಿನ್ ನಿಲ್ಲಿಸ್ಬ್ಯಾಡ" ಎಂದರು ತಾತ ಪಿಸುದನಿಯಲ್ಲಿ. ಡ್ರೈವರು ಎದ್ದು ಬಂದು ನಿನ್ನ ಮುಖ ನೋಡಿದ, ನಕ್ಕ. ಟೀಯನ್ನು ಬಸ್ಸಿಗೇ ತರಿಸಿಕೊಂಡು, ಇಂಜಿನ್ನು ಓಡುತ್ತಿರುವಂತೆಯೇ ತನ್ನ ಸೀಟಿನಲ್ಲಿ ಕೂತು ಕುಡಿದ. ಮರಳಿ ನಂಜನಗೂಡು ಮುಟ್ಟುವವರೆಗೂ ನೀನು ಒಮ್ಮೆ ಹಾಲಿಗೆ ಎದ್ದದ್ದು ಬಿಟ್ಟರೆ ಕಣ್ಣು ಬಿಡಲಿಲ್ಲ. ನಿಮ್ಮ ತಾತನ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಗೆಲುವಾಗಿರಲಿಲ್ಲ.

ಬೀದಿಯ ತಿರುವಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಬೀದಿಯ ಜನವೆಲ್ಲ ಹೊರಗೆ ನಿಂತಿದ್ದರು. ಅವರ ಮುಂದೆ ಬರಿಗಾಲಿನಲ್ಲಿ ನಿಮ್ಮಮ್ಮ. ಮಧ್ಯಾಹ್ನವೇ ಮನೆಗೆ ಬಂದವಳಿಗೆ ಮಗು ಇಲ್ಲ, ಅಪ್ಪ ಅಮ್ಮ ಇಲ್ಲ. ನನ್ನ ಫೋನು ಮನೆಯಲ್ಲೇ ಚಾರ್ಜಿಗೆ ಹಾಕಿದಲ್ಲೇ ಇತ್ತು. ತಾತನ ಹತ್ತಿರ ಫೋನೇ ಇರಲಿಲ್ಲ.

"ಪೂರಾ ಮಲಗಿತ್ತು ಕಣವ್ವ, ತಲಕಾಡ್ ಗಂಟ" ಎಂದರು ತಾತ, ಗೆದ್ದವರ ದನಿಯಲ್ಲಿ.

ನಿಮ್ಮಮ್ಮ ನಿನ್ನನ್ನು ಅವರ ತೋಳಿನಿಂದ ಕಿತ್ತುಕೊಂಡಳು. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

"ನಾನು ಮಗು ಆಗಿದ್ದಾಗ ಒಂದಿನ ಎತ್ಕೊಂಡಿದ್ಯಾ ಅಪ್ಪ? ಎತ್ಕೊಂಡಿದ್ದು ನಂಗೆ ನೆನಪೇ ಇಲ್ಲ. ಈಗ್ಯಾಕೆ ಇಷ್ಟೊಂದು?"

ಬೀದಿಯವರು ಒಬ್ಬೊಬ್ಬರಾಗಿ ಒಳಗೆ ಹೋದರು. ತಾತ ನನ್ನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು ಮೆಟ್ಟಿಲು ಹತ್ತಿದರು.

ಮಕ್ಕಳೇ, ನಿಮ್ಮಮ್ಮ ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹಿರಿಯರ ಎದುರಿಗೆ ಗಂಡಸು ತನ್ನ ಸ್ವಂತ ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಅಣ್ಣನ ಮಗುವನ್ನು ಎತ್ತಬಹುದು, ನೆರೆಮನೆಯ ಮಗುವನ್ನು ಎತ್ತಬಹುದು, ಕರುವನ್ನು ಬೇಕಾದರೆ ಹೆಗಲ ಮೇಲೆ ಹೊತ್ತು ತಿರುಗಬಹುದು. ತನ್ನದನ್ನು ಮುಟ್ಟಿದರೆ ಮಾತ್ರ ನಾಚಿಕೆಗೇಡು. ನಮ್ಮ ಮಾವನವರು ಹೊತ್ತಾರೆಯಿಂದ ರಾತ್ರಿಯವರೆಗೆ ಜಗುಲಿಯ ಮೇಲೇ ಕೂತಿರುತ್ತಿದ್ದರು. ಇವರು ಮಿಲ್ಲಿನಿಂದ ಮೈಯೆಲ್ಲ ತವುಡಾಗಿ ಬಂದು, ಅಂಗಳದಲ್ಲಿ ಆಡುವ ಮಗಳನ್ನು ಯಾರದೋ ಮಗುವೆಂಬಂತೆ ದಾಟಿಕೊಂಡು ಒಳಗೆ ಹೋಗುತ್ತಿದ್ದರು.

ಒಂದು ಸಲ ನಿಮ್ಮಮ್ಮ ಅಂಬೆಗಾಲಿಟ್ಟು ಬಂದು ಇವರ ಕಾಲು ತಬ್ಬಿಕೊಂಡುಬಿಟ್ಟಳು. ಜಗುಲಿಯ ಮೇಲೆ ಮಾವನವರು, ಪಕ್ಕದಲ್ಲಿ ಊರಿನ ಇಬ್ಬರು ದೊಡ್ಡವರು. ಇವರು ಕಂಬದಂತೆ ನಿಂತರು. ಬಗ್ಗುವಂತಿಲ್ಲ, ಕಾಲು ಕೊಡವುವಂತಿಲ್ಲ. ಕೊನೆಗೆ ಒಳಗೆ ತಿರುಗಿ, "ಲೇ, ಕಾಲ್ಗೆ ಏನೋ ಸಿಕ್ಕಾಕೊಂಡದೆ, ಬಿಡಿಸ್ಕೊಂಡ್ ಓಗು" ಎಂದು ನನ್ನನ್ನು ಕರೆದರು. ಜಗುಲಿಯವರೆಲ್ಲ ನಕ್ಕರು. ನಾನೂ ಸೆರಗಿನಲ್ಲಿ ನಕ್ಕೆ. ಆದರೆ ಬಿಡಿಸಲು ಹೋದಾಗ ಕಂಡದ್ದು, ಅವರು ಆ ಕಾಲನ್ನು ನೆಲದಿಂದ ಒಂದಿಷ್ಟೂ ಕದಲಿಸದೆ ಊರಿ ನಿಂತಿದ್ದರು, ಮಗುವಿನ ಹಿಡಿತ ತಪ್ಪಬಾರದೆಂದು.

ಮಾವನವರು ತೀರಿಕೊಂಡಾಗ ನಿಮ್ಮಮ್ಮ ಹೈಸ್ಕೂಲು ಸೇರಿದ್ದಳು. ಜಗುಲಿ ಖಾಲಿಯಾಯಿತು, ಬೇಡ ಎನ್ನುವವರು ಯಾರೂ ಉಳಿಯಲಿಲ್ಲ. ಆದರೆ ಅಷ್ಟೆತ್ತರ ಬೆಳೆದವಳನ್ನು ಎತ್ತಿಕೊಳ್ಳುವುದೆಲ್ಲಿ ಬಂತು? ಯಾರೂ ಕೆಟ್ಟವರಾಗಿರಲಿಲ್ಲ, ಮಾವನವರೂ ಕೂಡ. ಅವರನ್ನೂ ಅವರಪ್ಪ ಎತ್ತಿಕೊಂಡಿರಲಿಕ್ಕಿಲ್ಲ. ಆ ನಾಚಿಕೆಯಿಂದ ಯಾರಿಗೆ ಏನು ಉಳಿಯಿತು ಎಂದು ಇವತ್ತಿಗೂ ಯೋಚಿಸುತ್ತೇನೆ.

ಭಾನುವಾರ ಬೆಳಿಗ್ಗೆ ತಾತ ಚೀಲ ಕಟ್ಟಿದರು. ನಿಮ್ಮಪ್ಪನಿಗೆ ಅಂದೂ ಪಾಳಿ. ಹಗಲೆಲ್ಲ ಬಸ್ಸಿನಲ್ಲಿ ಮಲಗಿದ್ದ ನೀನು ರಾತ್ರಿಯೆಲ್ಲ ಎದ್ದಿದ್ದೆ, ನಿನ್ನ ಜೊತೆಗೆ ನಿಮ್ಮಮ್ಮನೂ. ನಾನು ಎತ್ತಿಕೊಳ್ಳಲು ಹೋದರೆ ಕೊಟ್ಟಿರಲಿಲ್ಲ. ತಾತ ನಡುಮನೆಯ ಗೋಡೆಗೆ ಒರಗಿ, ಚೀಲ ಪಕ್ಕದಲ್ಲಿಟ್ಟುಕೊಂಡು ಬಸ್ಸಿನ ಹೊತ್ತಿಗೆ ಕಾಯುತ್ತಿದ್ದರು. ಅಪ್ಪ ಮಗಳ ನಡುವೆ ರಾತ್ರಿಯಿಂದ ಮಾತಿಲ್ಲ.

ನೀನು ಅಳುತ್ತಲೇ ಇದ್ದೆ. ನಿಮ್ಮಮ್ಮ ಕೋಣೆಯಿಂದ ಬಂದವಳು, ನಿನ್ನನ್ನು ಅವರ ಮಡಿಲಲ್ಲಿ ಹಾಕಿ ಪಕ್ಕದಲ್ಲಿ ಕೂತಳು.

ತಾತ ಅತ್ತಿತ್ತ ನೋಡಿದರು. "ಮಿಕ್ಸಿ ಕೆಟ್ಟೋಗದಲ್ಲವ್ವ."

"ನೀನೇ ಏನಾದ್ರೂ ಸದ್ದು ಮಾಡಪ್ಪ" ಎಂದಳು, ಕಣ್ಣು ಮುಚ್ಚಿಕೊಂಡೇ.

ಜೋಗುಳ ಅವರಿಗೆಲ್ಲಿ ಬರಬೇಕು? ಬರುತ್ತಿದ್ದದ್ದು ಮಿಲ್ಲು. ಮೊದಲು ಬೆಲ್ಟು ಎಳೆಯುವ ಸದ್ದು ಮಾಡಿದರು. ಆಮೇಲೆ ಎದೆಯೊಳಗಿಂದ ಮಿಷನ್ನು ಹತ್ತಿಕೊಂಡಿತು, ಡುಕು ಡುಕು ಡುಕು ಎಂದು ನಿಧಾನವಾಗಿ, ಆಮೇಲೆ ಒಂದೇ ಸಮನೆ. ನಡುವೆ ಭತ್ತ ಸುರಿಯುವ ಸೊರ್ ಎಂಬ ಸದ್ದೂ ಬಂತು. ನೀನು ಅಳು ನಿಲ್ಲಿಸಿದೆ. ಮಲಗಿದೆಯಾ? ಎಲ್ಲಿ ಬಂತು! ಕಣ್ಣರಳಿಸಿ ಅವರ ತುಟಿ ಹಿಡಿಯಲು ಹೋದೆ, ಕಿಲಕಿಲ ನಕ್ಕೆ.

ಮಲಗಿದವಳು ನಿಮ್ಮಮ್ಮ. ಗೋಡೆಗೆ ಒರಗಿದ್ದ ತಲೆ ಮೆಲ್ಲಗೆ ಜಾರಿ ಅವಳಪ್ಪನ ಹೆಗಲ ಮೇಲೆ ಬಂದು ನಿಂತಿತು.

ಮಿಷನ್ನು ಒಂದು ಗಳಿಗೆ ತಡವರಿಸಿತು. ಅವರು ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಬರೆಯಲಾರೆ. ಒಂದು ಕೈಯಲ್ಲಿ ನಿನ್ನನ್ನು ಎತ್ತಿ ನನಗೆ ಕೊಟ್ಟು, ಇನ್ನೊಂದು ಕೈಯನ್ನು ಅವಳ ತಲೆಗೆ ಆಸರೆಯಾಗಿಟ್ಟು, ಮತ್ತೆ ಮಿಲ್ಲು ಶುರುಮಾಡಿದರು. ಈ ಸಲ ಅವಳೊಬ್ಬಳಿಗೇ.

ಅಷ್ಟರಲ್ಲಿ ಬೀದಿಯಲ್ಲಿ ತರಕಾರಿ ಗಾಡಿ ಮೈಕಿನಲ್ಲಿ ಕೂಗುತ್ತಾ ಬಂತು. ಸದ್ದಿದ್ದರೇ ನಿದ್ದೆ ಎಂದು ವಾದಿಸಿದ್ದ ಮನುಷ್ಯ ಕಣ್ಣಲ್ಲೇ ನನಗೆ ಸನ್ನೆ ಮಾಡಿದರು, ಹೋಗಿ ನಿಲ್ಲಿಸು ಎಂದು. ಗುರುತಿಲ್ಲದ ಗಂಡಸಿನ ಜೊತೆ ಒಂದು ಮಾತಾಡದವಳು ನಾನು, ನಿನ್ನನ್ನು ಕಂಕುಳಲ್ಲಿಟ್ಟುಕೊಂಡು ಇಳಿದುಹೋದೆ. "ಮೈಕ್ ನಿಲ್ಸಪ್ಪ, ಮಲಗಿದ್ದಾಳೆ" ಎಂದೆ.

ಅವನು ನಿನ್ನನ್ನು ನೋಡಿ, "ಎದ್ದೇ ಅದಲ್ಲಮ್ಮ ಮಗು" ಎಂದ.

"ಇದಲ್ಲ. ನನ್ನ ಮಗಳು."

"ಓ, ಇನ್ನೊಂದು ಅದಾ? ಎಷ್ಟು ತಿಂಗ್ಳು?"

"ಮೂವತ್ತೊಂದು ವರ್ಷ" ಎಂದೆ.

ಅವನು ಮೈಕು ನಿಲ್ಲಿಸಿ, ಗಾಡಿಯನ್ನು ಸದ್ದಾಗದಂತೆ ತಳ್ಳಿಕೊಂಡು ಬೀದಿ ದಾಟಿಸಿದ.

ಬೆಳಗಿನ ಬಸ್ಸು ಹೋಯಿತು, ಮಧ್ಯಾಹ್ನದ್ದೂ ಹೋಯಿತು. ತಾತ ಊಟಕ್ಕೆ ಏಳಲಿಲ್ಲ. ದನಿ ಒಣಗಿದಾಗ ನಾನು ಲೋಟದಿಂದ ನೀರು ಕುಡಿಸಿದೆ. ಬಿಸಿಲು ಇಳಿದ ಮೇಲೆ ಇಬ್ಬರೂ ಸೇರಿ ಅವಳ ತಲೆಯನ್ನು ದಿಂಬಿಗೆ ಜಾರಿಸಿದೆವು. ಅವರ ತೋಳು ಮರಗಟ್ಟಿ ಚೀಲ ಹಿಡಿಯಲೂ ಆಗುತ್ತಿರಲಿಲ್ಲ. ಮೆಟ್ಟಿಲ ಹತ್ತಿರ ನಿಂತು, "ಅವ್ಳಿಗೆ ಯೋಳ್ಬ್ಯಾಡ, ನಾಚ್ಕತಾಳೆ" ಎಂದರು. ನಾಚಿಕೊಂಡವರು ಯಾರು ಎಂದು ನನಗೆ ಕಾಣುತ್ತಿತ್ತು.

ನಿಮ್ಮಮ್ಮ ಎದ್ದು, "ಅಪ್ಪ ಎಲ್ಲಿ?" ಎಂದಳು. ಹೋದರು ಎಂದೆ. "ಎಬ್ಬಿಸ್ದೇನೆ ಹೋದ್ರಾ? ಕೋಪ ಮಾಡ್ಕೊಂಡ್ರ?" ಎಂದಳು. ಇಲ್ಲ ಎಂದೆ. ನನ್ನ ಬರಿಯ "ಇಲ್ಲ"ವನ್ನು ಅವಳು ನಂಬಲಿಲ್ಲ.

ಆಮೇಲೆ ನಾವು ಸರದಿಯ ಮೇಲೆ ಎದ್ದೆವು. ಕೆಲವು ವಾರ ಕಳೆದ ಮೇಲೆ ಒಂದು ರಾತ್ರಿ ನೀನು ಸದ್ದನ್ನೂ ಕೇಳದೆ, ನಿಶ್ಶಬ್ದವನ್ನೂ ಕೇಳದೆ ಬೆಳಗಿನವರೆಗೆ ಮಲಗಿದೆ. ಮೊಬೈಲು ಗೆಲ್ಲಲಿಲ್ಲ, ಮಿಲ್ಲೂ ಗೆಲ್ಲಲಿಲ್ಲ. ನಿಮ್ಮಮ್ಮನ ಕೆಲಸ ಉಳಿಯಿತು. ತಾತ ಬರುತ್ತಿದ್ದರು, ಹೋಗುತ್ತಿದ್ದರು, ಮಗಳ ಜೊತೆ ಮಳೆ ಬೆಳೆಯ ಮಾತಾಡುತ್ತಿದ್ದರು. ಸುಹಾಸ ಹುಟ್ಟುವ ಹೊತ್ತಿಗೆ ಅವರಿರಲಿಲ್ಲ.

ಅವರನ್ನು ಮಣ್ಣು ಮಾಡಿ ಬಂದ ಸಂಜೆ ನಿಮ್ಮಮ್ಮ ನನ್ನ ಪಕ್ಕದಲ್ಲಿ ಕೂತು, "ಅವತ್ತು ಬೀದೀಲಿ ಹಾಗೆ ಅನ್ನಬಾರ್ದಿತ್ತು ಅಮ್ಮ. ಒಂದಿನಾನೂ ಅಪ್ಪನ ಹತ್ರ ಕೂತ್ಕೊಳ್ಳಲೇ ಇಲ್ಲ ನಾನು" ಎಂದಳು. ಕೂತಿದ್ದೀಯ ಕಣೇ, ಒಂದು ಇಡೀ ಹಗಲು ಅವರ ಹೆಗಲ ಮೇಲೆ ಮಲಗಿ ಕೂತಿದ್ದೀಯ ಎಂದು ಹೇಳಬೇಕೆಂದು ಬಾಯಿ ತೆರೆದೆ. ಮನೆ ತುಂಬ ಜನ. ನನ್ನ ಮಾತು ಗಂಟಲಲ್ಲೇ ಉಳಿಯಿತು. ಆಮೇಲೆ ಎಷ್ಟು ಸಲ ಹೇಳಹೊರಟರೂ ಅದು ಅಲ್ಲೇ ನಿಲ್ಲುತ್ತದೆ.

ಅದಕ್ಕೇ ಮಕ್ಕಳೇ, ಈ ಹಾಳೆಗಳನ್ನು ನಿಮ್ಮ ಸ್ಕೂಲಿನ ಪುಸ್ತಕಗಳ ಜೊತೆ ಬೆರೆಸಬೇಡಿ, ಗೆದ್ದಲು ನೀರು ತಾಕದ ಕಡೆ ಇಡಿ. ನಾನು ಹೂವು ತರಲು ಆಚೆ ಹೋಗಿರುವ ಹೊತ್ತು ನೋಡಿ ಒಂದು ದಿನ ನಿಮ್ಮಮ್ಮನ ಕೈಗೆ ಕೊಡಿ. ಅವಳು ಓದಿ ಮುಗಿಸುವವರೆಗೆ ಇಬ್ಬರೂ ಅವಳ ಪಕ್ಕದಲ್ಲೇ ಕೂತಿರಿ.